ತಿರುಗಿಸಿ ನೋಡದ ಪಟ್ಟಿ

ಯಾರ ಮನೆಗೆ ಹೋದರೂ ನನಗೊಂದು ಕೆಟ್ಟ ಚಾಳಿ. ಊಟಕ್ಕೆ ತಟ್ಟೆ ಕೊಟ್ಟರೆ ಮೊದಲು ಅದನ್ನು ತಿರುಗಿಸಿ ಬೆನ್ನು ನೋಡುತ್ತೇನೆ. ಕಾಫಿ ಕುಡಿದಾದ ಮೇಲೆ ಲೋಟದ ತಳ ನೋಡುತ್ತೇನೆ. ಚಮಚವನ್ನೂ ಬಿಡುವವಳಲ್ಲ. ಮದುವೆಯಾಗಿ ದಾಸರಹಳ್ಳಿಯ ಮನೆಗೆ ಬಂದ ಮೊದಲ ದಿನವೇ ಹೀಗೆ ತಟ್ಟೆ ಬೋರಲು ಹಾಕಿ ನೋಡಿದ್ದಕ್ಕೆ ಅತ್ತೆ, “ಯಾರ ಹೆಸರು ಕೆತ್ತಿಸೇವಿ ಅಂತ ನೋಡಾಕತ್ತೀಯೇನವಾ?” ಎಂದು ಕೇಳಿದ್ದರು. ರಾಣೆಬೆನ್ನೂರು ಕಡೆಯವರು, ಮಾತು ನೇರ. ನಾನು ಹೆಸರು ನೋಡುತ್ತಿರಲಿಲ್ಲ. ಅಂಚಿನ ಮಡಿಕೆ ಸಮವಾಗಿದೆಯೇ, ಎಲ್ಲಾದರೂ ಬರ್ ಉಳಿದಿದೆಯೇ ಎಂದು ನೋಡುತ್ತಿದ್ದೆ. ಬರ್ ಅಂದರೆ ತಗಡು ಕತ್ತರಿಸಿದಾಗ ಅಂಚಿನಲ್ಲಿ ಉಳಿಯುವ ಸಣ್ಣ ಮುಳ್ಳು, ಬೆರಳು ಸವರಿದರೆ ಗೀರುತ್ತದೆ.

ಪೀಣ್ಯದ ಶೆಡ್ಡುಗಳಲ್ಲಿ ಮೂವತ್ತು ವರ್ಷಕ್ಕೂ ಮೇಲೆ ಚೆಕಿಂಗ್ ಕೆಲಸ ಮಾಡಿದೆ. ತಗಡು ಒತ್ತುವ ಪ್ರೆಸ್ಸಿನಿಂದ ಬಿದ್ದ ಮಾಲನ್ನು ಕೈಯಲ್ಲಿ ಹಿಡಿದು ಪಾಸ್ ಅಥವಾ ರಿಜೆಕ್ಟ್ ಅನ್ನುವುದು, ಅಷ್ಟೇ ಕೆಲಸ. ಹೋದ ವರ್ಷ ಬಿಟ್ಟೆ. ಕೆಲಸ ಬಿಟ್ಟರೂ ಕೈ ಬಿಡಬೇಕಲ್ಲ! ನಮ್ಮ ಕಡೆಯವರಲ್ಲಿ ಯಾರು ಕುಕ್ಕರ್ ತಗೊಳ್ಳಲಿ, ಬೀರು ತಗೊಳ್ಳಲಿ, ಸೆಕೆಂಡ್ ಹ್ಯಾಂಡ್ ಸ್ಕೂಟರ್ ತಗೊಳ್ಳಲಿ, ನನ್ನನ್ನು ಕರೆದುಕೊಂಡು ಹೋಗುತ್ತಾರೆ. ನಾನು ತಿರುಗಿಸಿ ನೋಡಿ “ಆಗಬಹುದು” ಅಂದರೆ ದುಡ್ಡು ಕೊಡುತ್ತಾರೆ. ನಾನು ನೋಡುವುದಕ್ಕೆ ಅಂಥ ಚೆಲುವೆಯಲ್ಲ, ಓದಿದ್ದು ಎಸ್ಸೆಸ್ಸೆಲ್ಸಿ, ಅಡುಗೆಯೂ ಅಷ್ಟಕ್ಕಷ್ಟೆ. ಮನೆಯಲ್ಲಿ ನನಗಿರುವ ಮರ್ಯಾದೆ ಅಂದರೆ ಈ ಒಂದು ಮಾತು. ಅದನ್ನು ಹೋದ ವರ್ಷ ಒಂದು ಹಳೇ ಕಾರಿನ ಮುಂದೆ ನಿಂತು ಹೇಗೆ ಕಳೆದುಕೊಂಡೆ ಅನ್ನುವುದನ್ನು ಬರೆಯುತ್ತಿದ್ದೇನೆ. ಯಾರ ಹೆಸರನ್ನೂ ಹಾಕುವುದಿಲ್ಲ. ಓದಿದವರಿಗೆ ಗೊತ್ತಾದರೆ ಆಗಲಿ.

ಮೊದಲು ಕಾರಿನ ಮಾತು. ಮುಂಬಯಿಯಲ್ಲಿ ಕಪ್ಪು ಹಳದಿ ಟ್ಯಾಕ್ಸಿಯಾಗಿ ಓಡುತ್ತಿತ್ತಲ್ಲ, ಆ ಪುಟ್ಟ ಚೌಕದ ಕಾರು. ಅದರಲ್ಲಿ ಸಾದಾ ಅಂತ ಒಂದು, ಡೀಲಕ್ಸ್ ಅಂತ ಒಂದು ಬರುತ್ತಿತ್ತು. ಎರಡಕ್ಕೂ ಎಂಜಿನ್ ಒಂದೇ, ಮೈಯೂ ಒಂದೇ. ಡೀಲಕ್ಸಿಗೆ ಮಾತ್ರ ಎರಡೂ ಪಕ್ಕದಲ್ಲಿ ಹೆಡ್‌ಲೈಟಿನ ಹಿಂದಿನಿಂದ ಡಿಕ್ಕಿಯವರೆಗೂ ಒಂದು ಹೊಳೆಯುವ ಸ್ಟೀಲ್ ಪಟ್ಟಿ. ನಾನು ಹತ್ತೊಂಬತ್ತನೇ ವಯಸ್ಸಿಗೆ ಕೆಲಸಕ್ಕೆ ಸೇರಿದ ಶೆಡ್ಡಿನಲ್ಲಿ ಆ ಪಟ್ಟಿ ತಯಾರಾಗುತ್ತಿತ್ತು. ಪಟ್ಟಿಗೆ ನಾವು ಬೀಡಿಂಗ್ ಅನ್ನುತ್ತಿದ್ದೆವು. ಒಂದು ಪಕ್ಕಕ್ಕೆ ನಾಲ್ಕು ತುಂಡು, ಮಡ್‌ಗಾರ್ಡಿನ ಮೇಲೆ ಒಂದು, ಬಾಗಿಲಿಗೆ ಒಂದೊಂದು, ಹಿಂದುಗಡೆ ಒಂದು. ಪಾಲಿಶ್ ಆಗಿ ಬಂದ ಪಟ್ಟಿಗಳನ್ನು ಐದು ಜನ ಹುಡುಗಿಯರು ಟ್ಯೂಬ್‌ಲೈಟಿನ ಕೆಳಗೆ ಕೂತು ನೋಡುತ್ತಿದ್ದೆವು. ಒಬ್ಬೊಬ್ಬರ ಕೈಯಲ್ಲೂ ಒಂದು ಸಣ್ಣ ಉಳಿ, ಒಂದೊಂದು ಗುರುತು. ಪಾಸಾದ ಪಟ್ಟಿಯ ಒಳಬೆನ್ನಿಗೆ, ತುದಿಯಿಂದ ಒಂದು ಅಂಗುಲ ಬಿಟ್ಟು, ನಮ್ಮ ಗುರುತು ಹೊಡೆಯಬೇಕು. ಮುಂಬಯಿಯ ಕಾರು ಕಾರ್ಖಾನೆಯಿಂದ ಮಾಲು ವಾಪಸ್ ಬಂದರೆ ಯಾರನ್ನು ಬೈಯಬೇಕು ಅಂತ ಗೊತ್ತಾಗಬೇಕಲ್ಲ, ಅದಕ್ಕೆ. ನನ್ನ ಗುರುತು ಮೂರು ಚುಕ್ಕೆ, ಒಲೆಯ ಮೂರು ಕಲ್ಲಿನ ಹಾಗೆ. ನನ್ನ ಚುಕ್ಕೆ ಇದ್ದ ಒಂದೇ ಒಂದು ಪಟ್ಟಿಯೂ ವಾಪಸ್ ಬರಲಿಲ್ಲ. ಜಂಬ ಅಂದುಕೊಂಡರೂ ಸರಿ, ನಿಜ.

ನಮ್ಮ ಸೂಪರ್‌ವೈಸರ್ ವಯಸ್ಸಾದವರು, ಕೆಲಸ ಕಲಿಸಿದವರು ಅವರೇ. “ಹೊಳಪು ನೋಡಿ ಪಾಸ್ ಮಾಡ್ಬೇಡಮ್ಮ, ಹೊಳಪು ನೋಡಿ ರಿಜೆಕ್ಟೂ ಮಾಡ್ಬೇಡ. ಮುಖ ಯಾರು ಬೇಕಾದ್ರೂ ತೊಳ್ಕೊಂಡು ಬರ್ತಾರೆ. ತಿರುಗಿಸು, ಬೆನ್ನು ನೋಡು, ಆಮೇಲೆ ಬಾಯಿ ಬಿಡು” ಅನ್ನುತ್ತಿದ್ದರು. ತಟ್ಟೆ ತಿರುಗಿಸುವ ನನ್ನ ಚಾಳಿಗೆ ಅವರೇ ಕಾರಣ.

ಸಾವಿರಾರು ಪಟ್ಟಿ ನೋಡಿದ ನನಗೆ ಆ ಕಾರನ್ನು ಹತ್ತಿರದಿಂದ ನೋಡುವ ಯೋಗ ಬಂದದ್ದು ಒಂದೇ ಸಲ. ಶೆಡ್ಡಿನ ಮಾಲೀಕರು ಹೊಸದಾಗಿ ಒಂದು ಡೀಲಕ್ಸ್ ತಗೊಂಡರು, ಕೆನೆ ಬಣ್ಣದ್ದು. ಮಧ್ಯಾಹ್ನ ಊಟದ ಬೆಲ್ ಆದ ಕೂಡಲೇ ನಾವು ಐದೂ ಜನ ಡಬ್ಬಿ ಹಾಗೇ ಬಿಟ್ಟು ಅಂಗಳಕ್ಕೆ ಓಡಿದೆವು. ನಮ್ಮ ಪಟ್ಟಿ ಬಿಸಿಲಿಗೆ ಎಷ್ಟು ಚೆನ್ನಾಗಿ ಕಾಣುತ್ತಿತ್ತು! ನಾನು ಬೆರಳು ಇಟ್ಟು ಮುಂದಿನಿಂದ ಹಿಂದಿನವರೆಗೂ ಸವರಿಕೊಂಡು ಹೋದೆ. ಬಾಗಿಲ ಹತ್ತಿರ ಬರುವಷ್ಟರಲ್ಲಿ ಡ್ರೈವರ್, “ಏಯ್, ಮುಟ್ಬೇಡ್ರಮ್ಮ, ಬೆರಳಿನ ಗುರುತು ಬೀಳುತ್ತೆ” ಎಂದು ರೇಗಿದ. ದಿನಕ್ಕೆ ಎಂಟು ಗಂಟೆ ನಾನು ಮುಟ್ಟುತ್ತಿದ್ದ ವಸ್ತು ಅದು. ಕಾರಿಗೆ ಹಾಕಿದ ಮೇಲೆ ಮುಟ್ಟಬಾರದಂತೆ. ಆವತ್ತಿನಿಂದ ಆ ಕಾರಿನ ಮೇಲೆ ನನಗೆ ಆಸೆ ಹುಟ್ಟಿತೋ ಸಿಟ್ಟು ಹುಟ್ಟಿತೋ ಇನ್ನೂ ಗೊತ್ತಿಲ್ಲ. ಒಂದು ದಿನವಾದರೂ ಅದರಲ್ಲಿ ಕೂರಬೇಕು ಅಂತ ಇತ್ತು, ಕೂರಲಿಲ್ಲ. ನಮ್ಮ ಮನೆಯವರು ಲೇತ್ ಮೆಷಿನ್ ಆಪರೇಟರ್, ಅವರ ಸ್ಕೂಟರಿನ ಹಿಂದೆ ಕೂತು ಮೂವತ್ತು ವರ್ಷ ಓಡಾಡಿದೆ.

ಇನ್ನು ನನ್ನ ಓರಗಿತ್ತಿ. ಮೈದುನನ ಹೆಂಡತಿ, ನನಗಿಂತ ಹನ್ನೆರಡು ವರ್ಷ ಚಿಕ್ಕವಳು. ಹಲ್ಲಿನ ಡಾಕ್ಟರು, ಮಹದೇವಪುರದಲ್ಲಿ ಸ್ವಂತ ಕ್ಲಿನಿಕ್, ಅಲ್ಲೇ ದೊಡ್ಡ ಅಪಾರ್ಟ್‌ಮೆಂಟಿನಲ್ಲಿ ಮನೆ. ದಾವಣಗೆರೆಯ ಅನುಕೂಲಸ್ಥರ ಮಗಳು. ಅವಳು ಜಂಬದವಳಾಗಿದ್ದರೆ ನನಗೆ ಎಷ್ಟೋ ಸುಖವಾಗುತ್ತಿತ್ತು, ಮನಸಾರೆ ಬೈದುಕೊಳ್ಳಬಹುದಿತ್ತು. ಅವಳು ಒಳ್ಳೆಯವಳು. ಮನೆಗೆ ಬಂದರೆ ನೇರವಾಗಿ ಅಡುಗೆಮನೆಗೆ ಬಂದು ರೊಟ್ಟಿ ಬಡಿಯಲು ಕೂರುತ್ತಾಳೆ, ಅವಳು ಬಡಿದ ರೊಟ್ಟಿ ಗುಂಡಗೆ ಉಬ್ಬುತ್ತದೆ. ಅತ್ತೆ ಇರುವುದು ನಮ್ಮ ಜೊತೆ, ಗುಳಿಗೆ ಎಣಿಸಿ ಕೊಡುವವಳು ನಾನು, ಹೊಗಳುವುದು ಮಾತ್ರ ಅವಳನ್ನು. “ಸಣ್ಣಾಕಿ ಕೈ ಮೃದು” ಅನ್ನುತ್ತಾರೆ. ನನ್ನ ಕೈ ಮೂವತ್ತು ವರ್ಷ ತಗಡು ಸವರಿ ಸಾಣೆಕಲ್ಲಿನ ಹಾಗೆ ಆಗಿದೆ, ಅದಕ್ಕೆ ನಾನೇನು ಮಾಡಲಿ? ಹೊಟ್ಟೆಕಿಚ್ಚು ಅನ್ನುವುದನ್ನು ನಾನು ಯಾವತ್ತೂ ಬೇರೆ ಹೆಸರಿಟ್ಟು ಕರೆದಿಲ್ಲ. ನನಗೆ ಅವಳ ಮೇಲೆ ಹೊಟ್ಟೆಕಿಚ್ಚು ಇತ್ತು. ಈಗಲೂ ಇದೆ.

ಹೋದ ಶ್ರಾವಣದಲ್ಲಿ ಒಂದು ದಿನ ಅವಳ ಫೋನ್ ಬಂತು.

“ಅಕ್ಕ, ಒಂದು ಹಳೇ ಕಾರು ನೋಡಿದೀನಿ. ನಮ್ಮಪ್ಪನ ಹತ್ರ ಇತ್ತಲ್ಲ, ಅದೇ ಥರದ್ದು, ಡೀಲಕ್ಸು. ಅದರ ಹಿಂದಿನ ಸೀಟಲ್ಲೇ ಕೂತ್ಕೊಂಡು ಹೈಸ್ಕೂಲ್ ಮುಗಿಯೋ ತನಕ ಓದಿದ್ದು ನಾನು. ಈಗ ಎಲ್ಲಾ ಕಡೆ ಸಾದಾ ಗಾಡಿಗೆ ಬೀಡಿಂಗ್ ಅಂಟಿಸಿ ಡೀಲಕ್ಸ್ ಅಂತ ಮಾರ್ತಾರಂತೆ. ನನಗೆ ಕಂಪನಿಯಿಂದ ಹೆಂಗೆ ಬಂದಿತ್ತೋ ಹಂಗೇ ಬೇಕು. ನಿಮ್ಮ ಕಣ್ಣು ಬೇಕು ಅಕ್ಕ. ನೀವು ಹೂಂ ಅಂದ್ರೆ ತಗೋತೀನಿ, ಇಲ್ಲಾಂದ್ರೆ ಇಲ್ಲ.”

ನಾನು ಆಯಿತು ಅಂದೆ. ಫೋನ್ ಇಟ್ಟ ಮೇಲೆ ಲೆಕ್ಕ ಹಾಕಿದೆ. ಅವಳು ಸ್ಕೂಲ್ ಬ್ಯಾಗ್ ತೊಡೆಯ ಮೇಲಿಟ್ಟುಕೊಂಡು ಆ ಕಾರಿನ ಹಿಂದಿನ ಸೀಟಿನಲ್ಲಿ ಕೂತಿದ್ದ ವರ್ಷಗಳಲ್ಲೇ ನಾನು ಅದರ ಪಟ್ಟಿಗೆ ಚುಕ್ಕೆ ಹೊಡೆಯುತ್ತಾ ಕೂತಿದ್ದೆ. ಮನೆಯವರಿಗೆ ಹೇಳಿದೆ. ಅವರು ಪೇಪರಿನಿಂದ ತಲೆ ಎತ್ತದೆ, “ಹೊಟ್ಟೆಕಿಚ್ಚಿಗೆ ತಣ್ಣೀರ್ ಹಾಕ್ಕೊ. ಹೋಗಿ ನೋಡ್ಬಂದು ನಿಜ ಹೇಳು” ಅಂದರು. ಗಂಡಸರಿಗೆ ಇದೆಲ್ಲ ಎಷ್ಟು ಸುಲಭ ನೋಡಿ.

ಭಾನುವಾರ ಬೆಳಿಗ್ಗೆ ಅವಳೇ ದಾಸರಹಳ್ಳಿಗೆ ಬಂದು ಕರೆದುಕೊಂಡು ಹೋದಳು. ಟೋಲ್ ರಸ್ತೆ ಹಿಡಿದು ಹೊಸೂರು ರಸ್ತೆಗೆ ಬಿದ್ದು, ಬೊಮ್ಮಸಂದ್ರ ದಾಟಿ, ಚಂದಾಪುರದ ಒಂದು ಅಡ್ಡರಸ್ತೆಯಲ್ಲಿ ಮನೆ. ಕೆಳಗೆ ಬಾಡಿಗೆಯ ರೂಮುಗಳು, ಸಾಲಾಗಿ ಒಣಗಲು ಹಾಕಿದ ಕಾರ್ಖಾನೆಯ ನೀಲಿ ಅಂಗಿಗಳು, ಅವುಗಳ ಪಕ್ಕದಲ್ಲಿ ತಗಡಿನ ಶೆಡ್ಡು. ಮಾರುವವರು ಎಪ್ಪತ್ತು ದಾಟಿದವರು, ಬೊಮ್ಮಸಂದ್ರದ ಔಷಧಿ ಕಾರ್ಖಾನೆಯಲ್ಲಿ ಕೆಲಸ ಮಾಡಿ ನಿವೃತ್ತರಾದವರು. ಕಣ್ಣಿನ ನರದ ತೊಂದರೆ, ಪಕ್ಕದಿಂದ ಬರುವುದು ಏನೂ ಕಾಣುವುದಿಲ್ಲವಂತೆ. ಗಾಡಿ ಓಡಿಸಬೇಡಿ ಎಂದು ಡಾಕ್ಟರು ಹೇಳಿದ್ದಾರೆ. “ಓಡಿಸದೆ ಇಟ್ಕೊಂಡ್ರೆ ಕಾರು ಸಾಯುತ್ತೆ ಮೇಡಂ. ಚೆನ್ನಾಗಿ ನೋಡ್ಕೊಳ್ಳೋರಿಗೆ ಕೊಡೋಣ ಅಂತ” ಎಂದು ಹೇಳಿ ಮುಸುಕು ತೆಗೆದರು.

ಕೆನೆ ಬಣ್ಣ. ನಮ್ಮ ಮಾಲೀಕರದ್ದೇ ಬಣ್ಣ. ಒಂದು ಕ್ಷಣ ಡ್ರೈವರ್ ಎಲ್ಲಿದ್ದಾನೆ ಅಂತ ನನ್ನ ಕಣ್ಣು ಹುಡುಕಿತು.

ಏನೇನು ನೋಡಬೇಕು ಅಂತ ಪೀಣ್ಯದ ಗ್ಯಾರೇಜಿನವರನ್ನು ಮೊದಲೇ ಕೇಳಿಕೊಂಡಿದ್ದೆ. ನೋಡಲು ಶುರು ಮಾಡಿದೆ. ಮೊದಲು ಬಾನೆಟ್ ಎತ್ತಿಸಿ ಒಳಗಿನ ತಗಡಿನ ಬಿಲ್ಲೆ ನೋಡಿದೆ. ಅದರ ಮೇಲಿನ ನಂಬರು ಮೈ ಮೇಲೆ ಕೊರೆದ ನಂಬರಿಗೂ ಆರ್‌ಸಿ ಪುಸ್ತಕಕ್ಕೂ ತಾಳೆಯಾಯಿತು. ಬಿಲ್ಲೆ ಕೂರಿಸಿದ ರಿವೆಟ್ಟಿನ ಮೇಲೆ ಬಣ್ಣ ಬಳಿದಿರಲಿಲ್ಲ, ಅಂದರೆ ಯಾರೂ ಕಿತ್ತು ಹಾಕಿಲ್ಲ. ಗಾಜುಗಳ ಮೂಲೆಯ ಗುರುತು ನೋಡಿದೆ. ಆರೂ ಗಾಜಿಗೆ ಒಂದೇ ಗುರುತು. ಒಂದು ಒಡೆದು ಬದಲಾಯಿಸಿದ್ದರೂ ಬೇರೆ ಇರುತ್ತಿತ್ತು. ಡ್ಯಾಶ್‌ಬೋರ್ಡಿನಲ್ಲಿ ಗಡಿಯಾರ. ಸಾದಾ ಕಾರಿನಲ್ಲಿ ಆ ಜಾಗಕ್ಕೆ ಬರೀ ಮುಚ್ಚಳ ಬರುತ್ತಿತ್ತು, ಆಮೇಲೆ ಗಡಿಯಾರ ಕೂರಿಸಿದ್ದರೆ ವೈರು ಹೊಸದಿರುತ್ತದೆ. ಕೈ ಒಳಗೆ ಹಾಕಿ ಎಳೆದು ನೋಡಿದೆ, ಮಿಕ್ಕ ವೈರಿನ ಜೊತೆಗೇ ಹತ್ತಿಬಟ್ಟೆಯ ಅದೇ ಹಳೇ ಸುತ್ತು. ಸೀಟಿನ ಕೆಳಗಿನ ಹೊಲಿಗೆ, ಬಾಗಿಲ ಒಳಗಿನ ಕೈಯಾಸರೆಯ ಸ್ಕ್ರೂ, ಮ್ಯಾಟಿನ ಅಡಿಯ ಸೆಣಬು, ಎಲ್ಲ ಮುಟ್ಟಿ, ತಿರುಗಿಸಿ, ಬಗ್ಗಿ ನೋಡಿದೆ. ರೇಡಿಯೋ ಒಂದನ್ನು ಮಾತ್ರ ಅಂಗಡಿಯಲ್ಲಿ ಹಾಕಿಸಿದ್ದೆ ಎಂದು ಅವರೇ ಹೇಳಿದರು. ಹೌದು, ಹಾಗೇ ಇತ್ತು.

ಒಂದೊಂದು ಸರಿಯಿದೆ ಅಂದಾಗಲೂ ಓರಗಿತ್ತಿಯ ಮುಖ ಅರಳುತ್ತಿತ್ತು. ಹಿಂದಿನ ಸೀಟಿನಲ್ಲಿ ಕೂತು, ಕಣ್ಣು ಮುಚ್ಚಿ, “ಅಕ್ಕ, ಅದೇ ವಾಸನೆ!” ಅಂದಳು. ಕೂತಲ್ಲೇ ಹತ್ತು ವರ್ಷದ ಹುಡುಗಿಯ ಹಾಗೆ ಕಾಲು ಅಲ್ಲಾಡಿಸಿದಳು. ನನಗೆ ಆ ವಾಸನೆ ಹೇಗಿರಬೇಕಿತ್ತು ಅಂತಲೇ ಗೊತ್ತಿಲ್ಲ. ನನಗೆ ಗೊತ್ತಿದ್ದದ್ದು ಪಾಲಿಶ್ ಸೋಪಿನ ವಾಸನೆ. ಅವಳಿಗೆ ಅಪ್ಪ ಇದ್ದ, ಕಾರಿತ್ತು, ನೆನಪಿತ್ತು, ಈಗ ಆ ನೆನಪನ್ನೂ ದುಡ್ಡು ಕೊಟ್ಟು ಮನೆಗೆ ಒಯ್ಯುತ್ತಾಳೆ. ಅದಕ್ಕೆ ಪಾಸ್ ಅನ್ನಬೇಕಾದವಳು ನಾನು. ಬಗ್ಗಿ ಬಗ್ಗಿ ಸೊಂಟ ನೋಯುತ್ತಿತ್ತು, ಅದೂ ಸೇರಿಕೊಂಡಿತು.

ಉಳಿದದ್ದು ಬೀಡಿಂಗ್ ಒಂದೇ. ಅದರದ್ದು ಸುಲಭದ ಪರೀಕ್ಷೆ. ಮರದ ಚಪ್ಪಟೆ ಕಡ್ಡಿಯಿಂದ ಮೆಲ್ಲಗೆ ಮೀಟಿದರೆ ಕ್ಲಿಪ್ಪಿನಿಂದ ಕಳಚಿ ಬರುತ್ತದೆ. ಕಾರ್ಖಾನೆಯಲ್ಲಾದರೆ ಮೈಗೆ ತೂತು ಹೊಡೆದ ಮೇಲೆ ಬಣ್ಣ ಬಳಿಯುವುದು, ಹಾಗಾಗಿ ತೂತಿನ ಒಳ ಅಂಚಿಗೂ ಬಣ್ಣ ಇರುತ್ತದೆ. ಆಮೇಲೆ ಡ್ರಿಲ್ ಹಾಕಿ ಕೂರಿಸಿದ್ದಾದರೆ ಅಂಚು ಬೋಳು, ತುಕ್ಕು. ಪಟ್ಟಿಯ ಬೆನ್ನಿಗೆ ನಮ್ಮ ಐವರಲ್ಲಿ ಯಾರದಾದರೂ ಗುರುತು ಇದ್ದರಂತೂ ಮಾತೇ ಬೇಡ. ಕಡ್ಡಿಯನ್ನು ನಾನೇ ಮನೆಯಿಂದ ತಂದಿದ್ದೆ, ವ್ಯಾನಿಟಿ ಬ್ಯಾಗಿನಲ್ಲಿತ್ತು.

ನಾನು ಬ್ಯಾಗ್ ತೆಗೆಯಲಿಲ್ಲ. ಎರಡು ಕೈಯನ್ನೂ ಬೆನ್ನ ಹಿಂದೆ ಕಟ್ಟಿಕೊಂಡು, ಪಟ್ಟಿಯ ಉದ್ದಕ್ಕೂ ಒಂದು ಸಲ ನಡೆದೆ.

“ಹೊಳಪು ಜಾಸ್ತಿ ಇದೆ” ಅಂದೆ. “ಮೂವತ್ತು ವರ್ಷದ ಪಟ್ಟಿ ಇಷ್ಟು ಹೊಳೆಯಲ್ಲ. ಇದು ಡೂಪ್ಲಿಕೇಟು. ಸಾದಾ ಗಾಡಿಗೆ ಆಮೇಲೆ ಹಾಕ್ಸಿರೋದು.”

ಆಡಿದ ಮೇಲೆ ನನ್ನ ಬಾಯಿಯೇ ನನಗೆ ಹೊಸದಾಗಿ ಕಂಡಿತು. ಅಲ್ಲಿಯವರೆಗೆ ಸರಿಯಿದ್ದ ಬಿಲ್ಲೆ, ಗಾಜು, ಗಡಿಯಾರ ಎಲ್ಲ ಸುಳ್ಳಾಗಬೇಕು, ಆಗ ಮಾತ್ರ ನನ್ನ ಮಾತು ನಿಜ. ಅಷ್ಟು ದಡ್ಡತನದ ಮಾತು.

ಮಾರುವವರು ಗದ್ದಲ ಮಾಡಲಿಲ್ಲ. “ಮೇಡಂ, ಶೋರೂಮಿಂದ ನಾನೇ ಓಡಿಸ್ಕೊಂಡು ಬಂದಿದ್ದು ಇದನ್ನ. ವಾರಕ್ಕೊಂದ್ಸಲ ಬಟ್ಟೆ ಹಿಡಿದು ಒರೆಸ್ತೀನಿ, ಅದಕ್ಕೇ ಹೊಳೆಯುತ್ತೆ” ಅಂದರು. ಓರಗಿತ್ತಿ ನನ್ನ ಮುಖ ಒಂದು ಸಲ ನೋಡಿದಳು, ಆಮೇಲೆ ನನ್ನ ಕೈ ಕಡೆ ನೋಡಿದಳು. “ಯೋಚನೆ ಮಾಡಿ ಹೇಳ್ತೀನಿ ಸಾರ್” ಎಂದಳು.

ನಾವು ಹೊರಡುವಾಗ ಅವರು ಮುಂದಿನ ಎಡ ಮಡ್‌ಗಾರ್ಡಿನ ಪಟ್ಟಿಯನ್ನು ತಾವೇ ಬೆರಳಿನಿಂದ ಮೀಟಿ ತೆಗೆದರು. ಗಿಡ್ಡ ತುಂಡು, ಮೊಳದಷ್ಟು ಉದ್ದ. ಹಳೇ ಪೇಪರಿನಲ್ಲಿ ಸುತ್ತಿ ನನ್ನ ಕೈಗೆ ಕೊಟ್ಟು, “ಮನೆಗೆ ತಗೊಂಡೋಗಿ ಸಮಾಧಾನವಾಗಿ ನೋಡಿ ಮೇಡಂ. ಡೂಪ್ಲಿಕೇಟ್ ಆಗಿದ್ರೆ ಬಿಸಾಕ್ಬಿಡಿ” ಅಂದರು. ಬೇಡ ಅನ್ನುವುದಕ್ಕೂ ಆಗಲಿಲ್ಲ. ದಾರಿಯುದ್ದಕ್ಕೂ ಪೊಟ್ಟಣ ನನ್ನ ತೊಡೆಯ ಮೇಲಿತ್ತು. ಓರಗಿತ್ತಿ ಅತ್ತೆಯ ಮಂಡಿನೋವಿನ ವಿಷಯ ಮಾತಾಡಿದಳು, ಕಾರಿನ ವಿಷಯ ಎತ್ತಲಿಲ್ಲ.

ಮನೆಗೆ ಬಂದು ಪೊಟ್ಟಣವನ್ನು ಬೀರುವಿನ ಮೇಲೆ ಹಾಕಿದೆ. ಎರಡು ದಿನ ಖುಷಿಯಾಗಿದ್ದೆ, ಸುಳ್ಳು ಯಾಕೆ ಹೇಳಲಿ. ಅವಳಿಗೆ ಬೇಕು ಅನ್ನಿಸಿದ್ದು ಒಂದಾದರೂ ಸಿಗಲಿಲ್ಲ, ಅದನ್ನು ತಪ್ಪಿಸಿದವಳು ನಾನು. ಅನ್ನಕ್ಕೆ ಸ್ವಲ್ಪ ಜಾಸ್ತಿಯೇ ತುಪ್ಪ ಹಾಕಿಕೊಂಡೆ. ಮೂರನೇ ದಿನದಿಂದ ಬೀರುವಿನ ಕಡೆ ನೋಡದೆ ಬಟ್ಟೆ ತೆಗೆಯಲು ಶುರು ಮಾಡಿದೆ. ಮನೆಯವರು “ಅದೇನು ಪೇಪರಲ್ಲಿ ಸುತ್ತಿರೋದು?” ಅಂದಾಗ, “ಏನಾದ್ರೂ ಇರುತ್ತೆ, ನಿಮಗ್ಯಾಕೆ?” ಎಂದು ಹರಿಹಾಯ್ದೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ. ಅವರು ಆಮೇಲೆ ಕೇಳಲಿಲ್ಲ.

ಎರಡು ವಾರ ಕಳೆದು, ಒಂದು ಮಧ್ಯಾಹ್ನ ಅತ್ತೆ ಮಲಗಿದ್ದಾಗ, ಸ್ಟೂಲ್ ಹಾಕಿಕೊಂಡು ಪೊಟ್ಟಣ ಇಳಿಸಿದೆ. ಕಿಟಕಿಯ ಹತ್ತಿರ ಕೂತು ಪೇಪರ್ ಬಿಚ್ಚಿದೆ. ತುದಿಯನ್ನು ಎಡಗೈಯಲ್ಲಿ ಹಿಡಿದು, ಬಲ ಹೆಬ್ಬೆರಳಿನಿಂದ ತಿರುಗಿಸಿದೆ. ಈ ಕೆಲಸವನ್ನು ಕೈ ಮರೆತಿರಲಿಲ್ಲ. ಬೆನ್ನಿನಲ್ಲಿ ಮೂವತ್ತು ವರ್ಷದ ಧೂಳು, ಮೇಣ. ಸೆರಗಿನ ತುದಿಗೆ ಉಗುಳು ಹಚ್ಚಿ ಒರೆಸಿದೆ.

ಮೂರು ಚುಕ್ಕೆ.

ಐವರಲ್ಲಿ ಯಾರ ಗುರುತಾದರೂ ಇರಬಹುದಿತ್ತು. ನನ್ನದೇ ಇತ್ತು. ಹತ್ತೊಂಬತ್ತೋ ಇಪ್ಪತ್ತೋ ವಯಸ್ಸಿನ ನಾನು ತಿರುಗಿಸಿ, ಸವರಿ, ಸರಿಯಿದೆ ಅಂತ ಹೊಡೆದ ಚುಕ್ಕೆ. ಆ ಹುಡುಗಿ ನೋಡಿ ಪಾಸ್ ಮಾಡಿದ್ದನ್ನು ನಾನು ನೋಡದೆ ರಿಜೆಕ್ಟ್ ಮಾಡಿದ್ದೆ. ಪಟ್ಟಿ ತೊಡೆಯ ಮೇಲಿಟ್ಟುಕೊಂಡು ಅತ್ತುಬಿಟ್ಟೆ. ಓರಗಿತ್ತಿಗೆ ಮೋಸ ಮಾಡಿದೆ ಅಂತಲ್ಲ, ಆ ಮುದುಕರನ್ನು ಸುಳ್ಳುಗಾರ ಮಾಡಿದೆ ಅಂತಲೂ ಅಲ್ಲ, ಅವೆಲ್ಲ ಆಮೇಲೆ ಬಂದವು. ಮೊದಲು ಬಂದದ್ದು ಆ ಹುಡುಗಿಯ ಮುಂದೆ ನಾಚಿಕೆ.

ಮಾರನೇ ದಿನವೇ ಓರಗಿತ್ತಿಯ ಮನೆಗೆ ಹೊರಟೆ. ಫೋನಿನಲ್ಲಿ ಹೇಳಿ ಮುಗಿಸಬಹುದಿತ್ತು, ಆದರೆ ಫೋನಿನಲ್ಲಿ ನಾನು ಮತ್ತೇನಾದರೂ ಸೇರಿಸಿಬಿಡುತ್ತೇನೆ ಅಂತ ಗೊತ್ತಿತ್ತು. ದಾಸರಹಳ್ಳಿಯಲ್ಲಿ ಮೆಟ್ರೋ ಹತ್ತಿ, ಮೆಜೆಸ್ಟಿಕ್‌ನಲ್ಲಿ ಬದಲಾಯಿಸಿ, ಪಟ್ಟಿಯನ್ನು ಟವಲಿನಲ್ಲಿ ಸುತ್ತಿ ಮಗುವಿನ ಹಾಗೆ ಎತ್ತಿಕೊಂಡು ಹೋದೆ. ದಾರಿಯಲ್ಲಿ ಮಾತು ಜೋಡಿಸಿಕೊಂಡೆ. ಕನ್ನಡಕ ತಂದಿರಲಿಲ್ಲ, ಬೆಳಕು ಕಮ್ಮಿಯಿತ್ತು, ಈಗ ಸರಿಯಾಗಿ ನೋಡಿದೆ, ಕಾರು ಒರಿಜಿನಲ್, ಬೇಗ ಹೋಗಿ ತಗೋ. ಹೀಗಂದರೆ ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಮುಗಿದುಹೋಗುತ್ತದೆ. ನನ್ನ ಮಾತೂ ಉಳಿಯುತ್ತದೆ, ಅವಳಿಗೂ ಕಾರು ಸಿಗುತ್ತದೆ.

ಅವರ ಅಪಾರ್ಟ್‌ಮೆಂಟಿಗೆ ಲಿಫ್ಟ್ ಹತ್ತಬೇಕಾದರೆ ನೆಲಮಾಳಿಗೆಯ ಪಾರ್ಕಿಂಗ್ ದಾಟಿ ಹೋಗಬೇಕು. ಅಲ್ಲಿ, ಅವರ ಮನೆ ನಂಬರ್ ಬರೆದ ಕಂಬದ ಪಕ್ಕದಲ್ಲಿ, ಕೆನೆ ಬಣ್ಣದ ಕಾರು ನಿಂತಿತ್ತು.

ಮುಂದಿನ ಎಡ ಮಡ್‌ಗಾರ್ಡಿನ ಮೇಲೆ ಪಟ್ಟಿ ಇರಲಿಲ್ಲ. ಬರೀ ಕ್ಲಿಪ್ಪಿನ ತೂತುಗಳು. ಹತ್ತಿರ ಹೋಗಿ ಬಗ್ಗಿ ನೋಡಿದೆ. ತೂತಿನ ಒಳ ಅಂಚಿಗೆ ಕೆನೆ ಬಣ್ಣ ಅಚ್ಚುಕಟ್ಟಾಗಿ ಇಳಿದಿತ್ತು.

ಮಧ್ಯಾಹ್ನ ಕ್ಲಿನಿಕ್ ಮುಚ್ಚಿ ಊಟಕ್ಕೆ ಬಂದಿದ್ದಳು. ಸೆಕ್ಯೂರಿಟಿಯವನು ಫೋನ್ ಮಾಡಿ ಹೇಳಿದ್ದನೇನೋ, ತಾನೇ ಕೆಳಗೆ ಇಳಿದು ಬಂದಳು. ಕಾರಿನ ಮುಂದೆ ಟವಲ್ ಹಿಡಿದು ನಿಂತಿದ್ದ ನನ್ನ ಪಕ್ಕಕ್ಕೆ ಬಂದು ನಿಂತಳು.

“ಯಾವಾಗ ತಗೊಂಡೆ?” ಅಂದೆ.

“ಆವತ್ತು ನಿಮ್ಮನ್ನ ಬಿಟ್ಟು ಬಂದ ಮಾರನೇ ದಿನಾನೇ ಅಕ್ಕ.”

“ನಾನು ಡೂಪ್ಲಿಕೇಟ್ ಅಂದಿದ್ನಲ್ಲ.”

ಅವಳು ಕಾರಿಗೆ ಒರಗಿ ನಿಂತಳು. “ಬೇಜಾರ್ ಮಾಡ್ಕೋಬೇಡಿ. ನಮ್ಮನೆ ಉಪ್ಪಿನ ಚಮಚನೂ ತಿರುಗಿಸಿ ನೋಡೋರು ನೀವು. ಆವತ್ತು ಬೀಡಿಂಗ್ ತಿರುಗಿಸೋದಿರಲಿ, ಮುಟ್ಟೂ ನೋಡ್ಲಿಲ್ಲ. ಕೈ ಹಿಂದೆ ಕಟ್ಕೊಂಡ್ಬಿಟ್ರಿ. ನನ್ನ ಹತ್ರ ಬರೋರು ಎಲ್ರೂ ದಿನಕ್ಕೆ ಎರಡು ಸಲ ಬ್ರಷ್ ಮಾಡ್ತೀನಿ ಅಂತಾರೆ ಅಕ್ಕ. ನಾನು ಮಾತು ಕೇಳಲ್ಲ, ಹಲ್ಲು ನೋಡ್ತೀನಿ.”

ಜೋಡಿಸಿಕೊಂಡು ಬಂದಿದ್ದ ಕನ್ನಡಕ, ಬೆಳಕು ಎಲ್ಲ ಬಿಟ್ಟುಬಿಟ್ಟೆ. “ಹೊಟ್ಟೆಕಿಚ್ಚು ಕಣೇ” ಅಂದೆ. “ನೀನು ಹಿಂದಿನ ಸೀಟಲ್ಲಿ ಕೂತ್ಕೊಂಡು ಕಾಲು ಅಲ್ಲಾಡಿಸಿದ್ದು ನೋಡಿ ತಡ್ಕೊಳಕ್ಕೆ ಆಗ್ಲಿಲ್ಲ.” ಟವಲ್ ಬಿಚ್ಚಿ, ಪಟ್ಟಿ ತಿರುಗಿಸಿ ಚುಕ್ಕೆ ತೋರಿಸಿದೆ. ಶೆಡ್ಡು, ಉಳಿ, ಐದು ಜನ, ಬೆರಳಿನ ಗುರುತು ಬೀಳುತ್ತೆ ಅಂದ ಡ್ರೈವರ್, ಎಲ್ಲ ಅಲ್ಲೇ ಪಾರ್ಕಿಂಗಿನಲ್ಲಿ ನಿಂತು ಹೇಳಿದೆ. ಇಷ್ಟು ವರ್ಷ ಅವಳಿಗೆ ಹೇಳಿರಲಿಲ್ಲ. ಹೇಳಿದರೆ ಚಿಕ್ಕವಳಾಗಿಬಿಡುತ್ತೇನೆ ಅಂತ ಇತ್ತು.

ಅವಳು ಚುಕ್ಕೆಯ ಮೇಲೆ ಬೆರಳಿಟ್ಟಳು. ಕಣ್ಣು ತುಂಬಿಕೊಂಡವು. “ಹೊಸ ಪೀಸ್ ಎಲ್ಲಿ ಬೇಕಾದ್ರೂ ಸಿಗೋದು ಅಕ್ಕ. ನೀವೇ ತರ್ತೀರ ಅಂತ ಆ ಜಾಗ ಹಂಗೇ ಬಿಟ್ಟಿದ್ದೆ” ಅಂದಳು.

ನೋಡಿ, ಇದಕ್ಕೇ ನಾನು ಹೇಳಿದ್ದು, ಜಂಬದವಳಾಗಿದ್ದರೆ ಚೆನ್ನಾಗಿತ್ತು ಅಂತ. ಬೈದಿದ್ದರೆ ನಾನೂ ನಾಲ್ಕು ಮಾತು ಬೈದು ಹಗುರಾಗುತ್ತಿದ್ದೆ. ಕಾರಿನ ಮೇಲಿದ್ದ ಹೊಟ್ಟೆಕಿಚ್ಚು ಆವತ್ತು ಹೋಯಿತು, ಅವಳ ಒಳ್ಳೆಯತನದ ಮೇಲೆ ಹೊಸದಾಗಿ ಹುಟ್ಟಿತು. ಅಷ್ಟು ದೊಡ್ಡ ಮನಸ್ಸು ಅವಳಿಗೆ ಎಲ್ಲಿಂದ ಬಂತು, ನನಗೆ ಯಾಕೆ ಬರಲಿಲ್ಲ?

ಪಟ್ಟಿಯನ್ನು ನಾನೇ ಕೂರಿಸಿದೆ. ಎರಡು ಹೆಬ್ಬೆರಳಿನಿಂದ ಒತ್ತಿದರೆ ಒಂದೊಂದೇ ಕ್ಲಿಪ್ ಟಕ್ ಟಕ್ ಎಂದು ಹಿಡಿದುಕೊಂಡಿತು. ನನ್ನ ಬೆರಳಿನ ಗುರುತು ಪಟ್ಟಿಯ ಮೇಲೆ ಮೂಡಿತು. ಒರೆಸಲು ಹೋದೆ, ಅವಳು ಬೇಡ ಅಂದಳು. ಆಮೇಲೆ ನನ್ನನ್ನು ಹಿಂದಿನ ಸೀಟಿನಲ್ಲಿ ಕೂರಿಸಿಕೊಂಡು ಅಪಾರ್ಟ್‌ಮೆಂಟಿನ ಒಳಗೇ ಎರಡು ಸುತ್ತು ಹಾಕಿದಳು. ಸೀಟು ನಾನು ಅಂದುಕೊಂಡಿದ್ದಕ್ಕಿಂತ ಗಿಡ್ಡ, ಸ್ಪ್ರಿಂಗ್ ಚುಚ್ಚುತ್ತದೆ. ಆದರೂ ಕಾಲು ಅಲ್ಲಾಡಿಸಿದೆ.

ಚಂದಾಪುರದವರಿಗೆ ಅವಳ ಫೋನಿನಿಂದಲೇ ಮಾತಾಡಿದೆ. “ಸಾರ್, ಆವತ್ತು ಬಂದಿದ್ದೆನಲ್ಲ, ನಾನು. ನೋಡದೆ ಹೇಳ್ಬಿಟ್ಟೆ. ನಿಮ್ಮದು ಒರಿಜಿನಲ್ಲೇ. ತಪ್ಪಾಯ್ತು” ಅಂದೆ.

ಅವರು ನಕ್ಕರು. “ಕಣ್ಣು ಹೋಗಿರೋದು ನನಗೆ ಒಬ್ಬನಿಗೇ ಅಂದ್ಕೊಂಡಿದ್ದೆ ಮೇಡಂ” ಅಂದರು. ಮಾತು ಚುಚ್ಚಿದರೂ ತಡೆದುಕೊಂಡೆ, ಅವರಿಗೆ ಅಷ್ಟು ಹಕ್ಕಿತ್ತು.

ನಡೆದದ್ದನ್ನು ಅವಳು ಯಾರಿಗೂ ಹೇಳಲಿಲ್ಲ. ಮೈದುನನಿಗೂ ಇಲ್ಲ, ಅತ್ತೆಗೂ ಇಲ್ಲ. ಮನೆಗೆ ಬಂದವರಿಗೆಲ್ಲ ಕಾರು ತೋರಿಸಿ, “ಈ ಬೀಡಿಂಗ್ ನಮ್ಮ ಅಕ್ಕನ ಕೈಯಿಂದ ಹೋಗಿದ್ದು” ಎಂದು ಹೇಳಿಕೊಳ್ಳುತ್ತಾಳೆ. ನನ್ನ ಚುಕ್ಕೆಯನ್ನೂ ಅವಳೇ ಹೇಳಿಕೊಂಡು ತಿರುಗಬೇಕು, ಅದೂ ನನಗಿಂತ ಚೆನ್ನಾಗಿ ಹೇಳುತ್ತಾಳೆ.

ದೀಪಾವಳಿಗೆ ಎಲ್ಲರೂ ನಮ್ಮ ಮನೆಯಲ್ಲಿ ಸೇರಿದ್ದೆವು. ಅತ್ತೆ ಹೊಸದಾಗಿ ತರಿಸಿದ ಹಿಟ್ಟು ನಾದುವ ಸ್ಟೀಲ್ ಪರಾತವನ್ನು ನನ್ನ ಮುಂದೆ ಇಟ್ಟು, “ನೋಡವಾ, ಅಂಗಡಿಯಾಂವ ದಪ್ಪ ತಗಡು ಅಂದಾನ, ಖರೆನೋ ಸುಳ್ಳೋ ನೀ ಹೇಳು. ನೀ ಹೇಳಿದ್ರ ಮುಗೀತು” ಅಂದರು. ಎಲ್ಲರೂ ನನ್ನ ಬಾಯಿ ನೋಡುತ್ತಾ ಕೂತರು. ನಾನು ಪರಾತ ತಿರುಗಿಸಿ, ಅಂಚಿನ ಉದ್ದಕ್ಕೂ ಹೆಬ್ಬೆರಳು ಸವರಿ, ತಳ ತಟ್ಟಿ ನೋಡಿ, “ದಪ್ಪನೇ ಇದೆ, ಆಗಬಹುದು” ಅಂದೆ.

ಆಮೇಲೆ ತಲೆ ಎತ್ತಿದೆ. ಓರಗಿತ್ತಿ ಮಾತ್ರ ನನ್ನ ಬಾಯಿ ನೋಡುತ್ತಿರಲಿಲ್ಲ. ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ನನ್ನ ಕೈ ನೋಡುತ್ತಿದ್ದಳು.